ಖಿನ್ನತೆಯ ಔಷಧ ಪ್ರಯೋಗದಲ್ಲಿ ಚೇತರಿಕೆಯನ್ನು ಯಾವ ಮಾಪಕದಿಂದ ಅಳೆಯಬೇಕು?

2019ರಲ್ಲಿ ಬ್ರಿಟನ್ನಿನ ‘ಪಾಂಡಾ’ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಕುಟುಂಬ ವೈದ್ಯರ ಬಳಿ ಬಂದ 655 ಮಂದಿಯಲ್ಲಿ ಕೆಲವರಿಗೆ ಸರ್ಟ್ರಲೀನ್ ಎಂಬ ಖಿನ್ನತೆಯ ಔಷಧ, ಉಳಿದವರಿಗೆ ಪ್ಲಸೀಬೊ, ಅಂದರೆ ಔಷಧದ ಅಂಶವೇ ಇಲ್ಲದ ಗುಳಿಗೆ ಕೊಡಲಾಗಿತ್ತು. ಆರನೆಯ ವಾರದಲ್ಲಿ ಪಿಎಚ್‌ಕ್ಯೂ-9 ಎಂಬ ಮಾಪಕದಿಂದ, ಅಂದರೆ ಅಂಕ ಹಾಕುವ ಪ್ರಶ್ನಾವಳಿಯಿಂದ, ಖಿನ್ನತೆಯನ್ನು ಅಳೆದರೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅದೇ ವಾರ ಅದೇ ಜನರ ಆತಂಕವನ್ನು ಅಳೆದಾಗ ಔಷಧ ಪಡೆದವರ ಸ್ಥಿತಿ ಸುಧಾರಿಸಿತ್ತು. ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ಜೀವನ ಗುಣಮಟ್ಟವೂ ಹೆಚ್ಚಿತ್ತು. ‘ಒಟ್ಟಾರೆ ಈಗ ಹೇಗಿದ್ದೀರಿ’ ಎಂದು ನೇರವಾಗಿ ಕೇಳಿದಾಗ ‘ಮೊದಲಿಗಿಂತ ಪರವಾಗಿಲ್ಲ’ ಎಂದವರು ಔಷಧದ ಗುಂಪಿನಲ್ಲೇ ಹೆಚ್ಚಿದ್ದರು.

ಔಷಧ ಕೆಲಸ ಮಾಡಿತೇ ಎಂಬ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರವಿಲ್ಲ. ಏನನ್ನು ಕೇಳಿದಿರಿ ಎಂಬುದನ್ನು ಅವಲಂಬಿಸಿ ಉತ್ತರ ಬದಲಾಗುತ್ತದೆ. ಸಂಶೋಧನೆಗೆ ಕೈಹಾಕುವ ವಿದ್ಯಾರ್ಥಿಗಳು, ಸಣ್ಣ ಅನುದಾನದಲ್ಲಿ ಪ್ರಯೋಗ ನಡೆಸಬೇಕೆಂದಿರುವ ವೈದ್ಯರು, ಪ್ರಬಂಧಗಳನ್ನು ಓದಿ ಗೊಂದಲಕ್ಕೆ ಬಿದ್ದ ರೋಗಿಗಳ ಮನೆಯವರು, ಇವರೆಲ್ಲ ‘ಹ್ಯಾಮಿಲ್ಟನ್ ಮಾಪಕ ಒಳ್ಳೆಯದೋ, ಮ್ಯಾಡ್ರಸ್ ಒಳ್ಳೆಯದೋ, ಪಿಎಚ್‌ಕ್ಯೂ-9 ಸಾಕೋ’ ಎಂದು ಕೇಳುತ್ತಲೇ ಇರುತ್ತಾರೆ. ಎಲ್ಲ ಪ್ರಯೋಗಕ್ಕೂ ಹೊಂದುವ ಮಾಪಕ ಇಲ್ಲ. ನಿಮ್ಮ ಪ್ರಯೋಗಕ್ಕೆ ಹೊಂದುವಂಥದ್ದು ಇದೆ, ಹೊಂದದೇ ಇರುವಂಥದ್ದೂ ಇದೆ. ಅದನ್ನು ಗುರುತಿಸುವುದು ಹೇಗೆಂದು ಇಲ್ಲಿ ನೋಡೋಣ.

ಮೊದಲು ಕೇಳಿಕೊಳ್ಳಬೇಕಾದದ್ದು

ಮಾಪಕದ ಹೆಸರು ನೋಡುವ ಮೊದಲು ಅದರೊಳಗಿನ ಪ್ರಶ್ನೆಗಳನ್ನು ಒಂದೊಂದಾಗಿ ಓದಿ. ‘ಖಿನ್ನತೆಯ ಮಾಪಕ’ ಎಂದು ಕರೆಸಿಕೊಳ್ಳುವವೆಲ್ಲ ಒಂದೇ ವಿಷಯವನ್ನು ಅಳೆಯುತ್ತವೆ ಎಂಬುದು ತಪ್ಪು ತಿಳಿವಳಿಕೆ. 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಹೆಚ್ಚು ಬಳಕೆಯಲ್ಲಿರುವ ಏಳು ಮಾಪಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ 52 ಬೇರೆ ಬೇರೆ ಲಕ್ಷಣಗಳು ಸಿಕ್ಕವು. ಏಳರಲ್ಲೂ ಇದ್ದ ಲಕ್ಷಣಗಳು ಬೆರಳೆಣಿಕೆಯಷ್ಟು. ಸುಮಾರು ಐದರಲ್ಲಿ ಎರಡು ಪಾಲು ಲಕ್ಷಣಗಳು ಯಾವುದೋ ಒಂದೇ ಮಾಪಕದಲ್ಲಿ ಮಾತ್ರ ಇದ್ದವು.

ಎರಡನೆಯದು, ಉತ್ತರ ಕೊಡುವವರು ಯಾರು ಎಂಬುದು. ತರಬೇತಿ ಪಡೆದವರು ಸಂದರ್ಶನ ಮಾಡಿ ಅಂಕ ಹಾಕುವುದು ಒಂದು ಬಗೆ, ಖಿನ್ನತೆ ಅನುಭವಿಸುತ್ತಿರುವವರೇ ತುಂಬುವುದು ಇನ್ನೊಂದು ಬಗೆ. ಮೂರನೆಯದು, ಮಾಪಕ ಎಷ್ಟು ದಿನಗಳ ಹಿಂದಿನವರೆಗೆ ನೋಡುತ್ತದೆ ಎಂಬುದು. ನಾಲ್ಕನೆಯದು, ಔಷಧದ ಅಡ್ಡ ಪರಿಣಾಮಗಳು ಮಾಪಕದ ಅಂಕಗಳೊಳಗೆ ನುಸುಳುತ್ತವೆಯೇ ಎಂಬುದು. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಈ ನಾಲ್ಕನೆಯ ಪ್ರಶ್ನೆ. ಕೊನೆಯದು ಹಣ, ಸಮಯ ಮತ್ತು ಭಾಷೆ: ಅನುಮತಿಗೆ ಶುಲ್ಕವಿದೆಯೇ, ಒಬ್ಬರ ಸಂದರ್ಶನಕ್ಕೆ ಎಷ್ಟು ಹೊತ್ತು ಬೇಕು, ಪಾಲ್ಗೊಳ್ಳುವವರ ಭಾಷೆಯಲ್ಲಿ ಪರೀಕ್ಷಿಸಲ್ಪಟ್ಟ ಅನುವಾದ ಸಿಗುತ್ತದೆಯೇ. ಅನುವಾದ ಇದ್ದರಷ್ಟೇ ಸಾಲದು; ಆ ಭಾಷೆಯ ಜನರಲ್ಲಿ ಅದನ್ನು ಬಳಸಿ ಅದರ ನಂಬಿಕಾರ್ಹತೆಯನ್ನು ಪರಿಶೀಲಿಸಿರಬೇಕು.

ಹ್ಯಾಮಿಲ್ಟನ್ ಮಾಪಕ: ಹಳೆಯದು, ಆದರೂ ಬಿಡಲಾಗದ್ದು

ಬ್ರಿಟನ್ನಿನ ಲೀಡ್ಸ್‌ನಲ್ಲಿದ್ದ ಮನೋವೈದ್ಯ ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ ಈ ಮಾಪಕವೇ ‘ಹ್ಯಾಮ್-ಡಿ’. ದಶಕಗಳಿಂದ ಖಿನ್ನತೆಯ ಔಷಧ ಪ್ರಯೋಗಗಳಲ್ಲಿ ಇದರದ್ದೇ ಮೇಲುಗೈ. 17 ಅಂಶಗಳಿವೆ, ಕೆಲವಕ್ಕೆ 0ಯಿಂದ 4, ಕೆಲವಕ್ಕೆ 0ಯಿಂದ 2 ಅಂಕ. ಸಾಮಾನ್ಯವಾಗಿ ಬಳಸುವ ರೂಪದಲ್ಲಿ ಗರಿಷ್ಠ 52. ಕಳೆದ ಒಂದು ವಾರವನ್ನು ಗಮನದಲ್ಲಿಟ್ಟು ವೈದ್ಯರು ಅಥವಾ ತರಬೇತಾದವರು ಅಂಕ ಹಾಕುತ್ತಾರೆ.

ಈ 52 ಅಂಕಗಳು ಎಲ್ಲೆಲ್ಲಿ ಹಂಚಿಹೋಗಿವೆ ಎಂಬುದನ್ನು ಗಮನಿಸಬೇಕು. ಖಿನ್ನತೆಯ ಮೂಲವಾದ ಬೇಸರದ ಮನಃಸ್ಥಿತಿಗೆ ಇರುವುದು 4 ಅಂಕ. ನಿದ್ರೆಗೆ ಮೂರು ಪ್ರತ್ಯೇಕ ಅಂಶಗಳು: ನಿದ್ರೆ ಹತ್ತದಿರುವುದು, ನಡುರಾತ್ರಿ ಎಚ್ಚರವಾಗುವುದು, ಬೆಳಗಿನ ಜಾವಕ್ಕೆ ಮೊದಲೇ ಎಚ್ಚರವಾಗುವುದು. ಇವು ಸೇರಿ 6 ಅಂಕ. ಇದರ ಜೊತೆಗೆ ಹೊಟ್ಟೆಯ ತೊಂದರೆ, ತೂಕ ಇಳಿಕೆ, ಲೈಂಗಿಕ ಆಸಕ್ತಿ, ಮೈಯಲ್ಲಿ ಕಾಣಿಸಿಕೊಳ್ಳುವ ಆತಂಕ, ದಣಿವು, ಕಾಯಿಲೆಯ ಚಿಂತೆ ಎಲ್ಲಕ್ಕೂ ಅಂಕಗಳುಂಟು.

ಈಗ ಒಬ್ಬ ವ್ಯಕ್ತಿಯನ್ನು ಊಹಿಸಿಕೊಳ್ಳಿ. ಪ್ರಯೋಗಕ್ಕೆ ಸೇರುವಾಗ ಅವರ ಮೊತ್ತ 22, ಅದರಲ್ಲಿ ನಿದ್ರೆಯ ಅಂಕ ಪೂರ್ತಿ 6. ನಿದ್ರೆ ತರಿಸುವ ಗುಣವಿರುವ ಮಿರ್ಟಜಪೀನ್‌ನಂಥ ಔಷಧವನ್ನು ಅವರಿಗೆ ಕೊಟ್ಟು, ರಾತ್ರಿಯಿಡೀ ನಿದ್ರೆ ಬಂದು, ಆ 6 ಅಂಕ ಸೊನ್ನೆಗೆ ಇಳಿಯಿತೆಂದಿಟ್ಟುಕೊಳ್ಳೋಣ. ಮನಸ್ಸಿನ ಭಾರ ಎಳ್ಳಷ್ಟೂ ಇಳಿಯದಿದ್ದರೂ ಮೊತ್ತ 16ಕ್ಕೆ ಬಂತು. ಇನ್ನೊಬ್ಬರಿಗೆ ಸರ್ಟ್ರಲೀನ್‌ನಂಥ, ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಔಷಧ ಸಿಕ್ಕಿತು. ಮನಸ್ಸು ಹಗುರವಾಯಿತು, ಆದರೆ ಹೊಟ್ಟೆ ತೊಳಸುವಿಕೆ ಶುರುವಾಯಿತು, ಊಟ ಸೇರುತ್ತಿಲ್ಲ, ಲೈಂಗಿಕ ಆಸಕ್ತಿ ಕುಗ್ಗಿತು, ನಿದ್ರೆ ಕದಡಿತು. ಮನಸ್ಸಿನಲ್ಲಿ ಗಳಿಸಿದ್ದನ್ನು ಮಾಪಕ ಮೈಯ ಲೆಕ್ಕದಲ್ಲಿ ಕಳೆದುಬಿಡುತ್ತದೆ. ಮೊತ್ತವನ್ನಷ್ಟೇ ನೋಡಿದವರಿಗೆ ಮೊದಲ ಔಷಧವೇ ಮೇಲೆಂದು ತೋರುತ್ತದೆ.

ಇದು ಊಹೆಗೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. 2016ರಲ್ಲಿ ಸ್ವೀಡನ್ನಿನ ಸಂಶೋಧಕರು ಎಸ್‌ಎಸ್‌ಆರ್‌ಐ ಔಷಧಗಳ 18 ಪ್ರಯೋಗಗಳ, 6,669 ಮಂದಿಯ ದತ್ತಾಂಶವನ್ನು ಮತ್ತೆ ತೆರೆದು ನೋಡಿದರು. ಔಷಧ ಮತ್ತು ಪ್ಲಸೀಬೊ ನಡುವಿನ 32 ಹೋಲಿಕೆಗಳಲ್ಲಿ 18 ಹೋಲಿಕೆಗಳು ಹ್ಯಾಮ್-ಡಿ ಮೊತ್ತದ ಪ್ರಕಾರ ವ್ಯತ್ಯಾಸ ತೋರಿಸಲು ಸೋತಿದ್ದವು. ‘ಬೇಸರದ ಮನಃಸ್ಥಿತಿ’ ಎಂಬ ಒಂದೇ ಅಂಶವನ್ನು ಹಿಡಿದು ನೋಡಿದಾಗ ಸೋತದ್ದು 3 ಮಾತ್ರ. ಇದರಿಂದ ಔಷಧಗಳ ಪರವಾದ ತೀರ್ಪು ಬಂದಂತಾಯಿತೆಂದು ನಾನು ಹೇಳುವುದಿಲ್ಲ. ಒಂದು ಅಂಶ ಸುಧಾರಿಸಿದ ಮಾತ್ರಕ್ಕೆ ಬದುಕು ಸುಧಾರಿಸಿತೆಂದಲ್ಲ, ಅಡ್ಡ ಪರಿಣಾಮಗಳೂ ಬದುಕಿನ ಭಾಗವೇ. ಆದರೆ ಲಾಭವನ್ನೂ ಹಾನಿಯನ್ನೂ ಒಂದೇ ಮೊತ್ತದಲ್ಲಿ ಕಲಸಿಟ್ಟರೆ ಎರಡೂ ಕಣ್ಣಿಗೆ ಬೀಳುವುದಿಲ್ಲ.

ಇಷ್ಟಿದ್ದೂ ಹ್ಯಾಮ್-ಡಿಯನ್ನು ಆಯ್ದುಕೊಳ್ಳಲು ಕಾರಣಗಳಿವೆ. ಹಳೆಯ ನೂರಾರು ಪ್ರಯೋಗಗಳ ಜೊತೆ ನಿಮ್ಮ ಫಲಿತಾಂಶವನ್ನು ನೇರವಾಗಿ ಹೋಲಿಸಬಹುದು, ಬಳಕೆಗೆ ಶುಲ್ಕವಿಲ್ಲ, ಅನೇಕ ಭಾಷೆಗಳಲ್ಲಿ ಲಭ್ಯ. ಆಯ್ದುಕೊಂಡರೆ ಎರಡು ಕೆಲಸ ಮಾಡಿ. ಒಂದು, ಪ್ರಶ್ನೆಗಳ ಕ್ರಮ ಮತ್ತು ಅಂಕದ ನಿಯಮ ನಿಗದಿಯಾಗಿರುವ ಸಂದರ್ಶನ ಮಾರ್ಗದರ್ಶಿಯನ್ನು ಬಳಸಿ. ಮೂಲ ರೂಪದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಕೇಳುತ್ತಾರೆ. ಎರಡು, ಆರು ಅಂಶಗಳ ಕಿರು ರೂಪದ ಅಂಕವನ್ನೂ ಪ್ರತ್ಯೇಕವಾಗಿ ವರದಿ ಮಾಡಿ. ಡೆನ್ಮಾರ್ಕಿನ ಪೆರ್ ಬೆಕ್ ಮತ್ತು ಸಂಗಡಿಗರು ರೂಪಿಸಿದ ಈ ಕಿರು ರೂಪ ಬೇಸರ, ತಪ್ಪಿತಸ್ಥ ಭಾವ, ಕೆಲಸ ಮತ್ತು ಆಸಕ್ತಿ, ಮಂದಗತಿ, ಮಾನಸಿಕ ಆತಂಕ, ದಣಿವು ಇವಿಷ್ಟನ್ನೇ ಅಳೆಯುತ್ತದೆ. ನಿದ್ರೆ, ತೂಕ, ಹೊಟ್ಟೆಯ ಗೊಂದಲ ಇಲ್ಲಿಲ್ಲ.

ಮ್ಯಾಡ್ರಸ್: ಬದಲಾವಣೆ ಹಿಡಿಯಲೆಂದೇ ಹುಟ್ಟಿದ್ದು

ಸ್ಟುವರ್ಟ್ ಮಾಂಟ್ಗೊಮೆರಿ ಮತ್ತು ಮರೀ ಆಸ್ಬೆರ್ಗ್ 1979ರಲ್ಲಿ ಇದನ್ನು ಪ್ರಕಟಿಸಿದರು. ಇದು ಹುಟ್ಟಿದ ರೀತಿಯೇ ಬೇರೆ. 65 ಅಂಶಗಳ ಒಂದು ದೊಡ್ಡ ಪಟ್ಟಿಯಿಂದ ಆರಂಭಿಸಿ, ಚಿಕಿತ್ಸೆಯೊಂದಿಗೆ ಹೆಚ್ಚು ಬದಲಾಗುವ 10 ಅಂಶಗಳನ್ನು ಉಳಿಸಿಕೊಂಡರು. ಪ್ರತಿಯೊಂದಕ್ಕೂ 0ಯಿಂದ 6, ಒಟ್ಟು 60. ಬೇಸರಕ್ಕೆ ಎರಡು ಅಂಶಗಳು, ಹೊರಗೆ ಕಾಣುವುದು ಮತ್ತು ವ್ಯಕ್ತಿಯೇ ಹೇಳುವುದು, ಹೀಗೆ 12 ಅಂಕ. ಜೊತೆಗೆ ಭಾವನೆಗಳೇ ಬತ್ತಿಹೋದಂತಾಗುವುದು, ನಿರಾಶೆಯ ಯೋಚನೆಗಳು, ಒಳಗಿನ ಬಿಗಿತ. ಹ್ಯಾಮ್-ಡಿಯ 52ರಲ್ಲಿ 4ಕ್ಕೆ ಇದನ್ನು ಹೋಲಿಸಿದರೆ ಮನಸ್ಸಿನ ಕಡೆಗೆ ತೂಕ ಎಷ್ಟು ವಾಲಿದೆ ಎಂಬುದು ತಿಳಿಯುತ್ತದೆ.

ಮೈಯ ಲಕ್ಷಣಗಳು ಕಡಿಮೆ ಇರುವುದರಿಂದ, ಬೇರೆ ದೈಹಿಕ ಕಾಯಿಲೆಯೂ ಇರುವವರಲ್ಲಿ ಖಿನ್ನತೆಯ ಔಷಧ ಪರೀಕ್ಷಿಸುವಾಗ ಇದು ಹೆಚ್ಚು ಸೂಕ್ತ. ಎಸ್ಕೆಟಮೀನ್ ಎಂಬ ಖಿನ್ನತೆಯ ಔಷಧದ ಮೂಗಿನ ಸಿಂಪಡಣೆಗೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ಕೊಟ್ಟದ್ದೂ ಮ್ಯಾಡ್ರಸ್ ಅಂಕಗಳ ಆಧಾರದ ಮೇಲೆಯೇ.

ದೋಷಗಳಿಲ್ಲದೆ ಇಲ್ಲ. ನಿದ್ರೆ ಮತ್ತು ಹಸಿವಿನಲ್ಲಿ ಇಳಿಕೆಯನ್ನು ಮಾತ್ರ ಇದು ಎಣಿಸುತ್ತದೆ. ದಿನಕ್ಕೆ ಹನ್ನೆರಡು ಗಂಟೆ ಮಲಗುವ, ಬೇಸರದಲ್ಲಿ ಅತಿಯಾಗಿ ತಿನ್ನುವ ವ್ಯಕ್ತಿಯ ಕಷ್ಟ ಇದರ ಕಣ್ಣಿಗೆ ಬೀಳುವುದಿಲ್ಲ. ಹ್ಯಾಮ್-ಡಿಯ 17 ಅಂಶಗಳಲ್ಲೂ ಇದೇ ಕೊರತೆ. ಇನ್ನೊಂದು ತೊಡಕು ವೇಗವಾಗಿ ಕೆಲಸ ಮಾಡುವ ಔಷಧಗಳದ್ದು. ಔಷಧ ಕೊಟ್ಟ 24 ಗಂಟೆಗಳ ಬಳಿಕ ಅಂಕ ಹಾಕಬೇಕಾದಾಗ ನಿದ್ರೆ, ಹಸಿವಿನಂಥ ಅಂಶಗಳಿಗೆ ಅರ್ಥಪೂರ್ಣ ಉತ್ತರ ಸಿಗುವುದು ಕಷ್ಟ. ಅಂಥ ಪ್ರಯೋಗ ನಿಮ್ಮದಾಗಿದ್ದರೆ ಆ ಅಂಶಗಳನ್ನು ಹೇಗೆ ನಿಭಾಯಿಸುತ್ತೀರೆಂದು ಮೊದಲೇ ನಿರ್ಧರಿಸಬೇಕು.

ಹೊಸ ಔಷಧವನ್ನು ಪ್ಲಸೀಬೊ ವಿರುದ್ಧ ಪರೀಕ್ಷಿಸುವ, ತರಬೇತಿಗೆ ಹಣವಿರುವ ಪ್ರಯೋಗಕ್ಕೆ ನಾನು ಹ್ಯಾಮ್-ಡಿಗಿಂತ ಮ್ಯಾಡ್ರಸ್ಸನ್ನೇ ಸೂಚಿಸುತ್ತೇನೆ.

ಸಂದರ್ಶಕರ ಸಮಸ್ಯೆ

ಈ ಎರಡೂ ಮಾಪಕಗಳ ಶಕ್ತಿ ಸಂದರ್ಶನ ಮಾಡುವವರಲ್ಲಿದೆ, ದೌರ್ಬಲ್ಯವೂ ಅವರಲ್ಲೇ ಇದೆ. ‘ಮೊತ್ತ ಕನಿಷ್ಠ 20 ಇದ್ದರೆ ಮಾತ್ರ ಪ್ರಯೋಗಕ್ಕೆ ಸೇರಿಸಿಕೊಳ್ಳಿ’ ಎಂಬ ನಿಯಮವಿದ್ದು, ಜನರನ್ನು ಸೇರಿಸುವ ಒತ್ತಡವೂ ಇದ್ದಾಗ, 18 ಬರಬೇಕಾದವರಿಗೆ ಅರಿವಿಲ್ಲದೆಯೇ 20 ಬೀಳುತ್ತದೆ. ಮುಂದಿನ ಭೇಟಿಯಲ್ಲಿ ಅದು ನಿಜವಾದ ಮಟ್ಟಕ್ಕೆ ಇಳಿಯುತ್ತದೆ. ಈ ಇಳಿಕೆ ಔಷಧದ ಗುಂಪಿನಲ್ಲೂ ಪ್ಲಸೀಬೊ ಗುಂಪಿನಲ್ಲೂ ಒಂದೇ ರೀತಿ ಆಗುವುದರಿಂದ ಎರಡರ ನಡುವಿನ ನಿಜವಾದ ಅಂತರ ಮಸುಕಾಗುತ್ತದೆ. ಸೇರಿಸಿಕೊಳ್ಳಲು ಒಂದು ಮಾಪಕ, ಫಲಿತಾಂಶಕ್ಕೆ ಇನ್ನೊಂದು ಮಾಪಕ ಬಳಸುವುದು ಇದಕ್ಕೆ ಕಡಿಮೆ ಖರ್ಚಿನ ಪರಿಹಾರ. ಅನುದಾನ ಹೆಚ್ಚಿದ್ದರೆ, ಭೇಟಿ ಎಷ್ಟನೆಯದೆಂದು ತಿಳಿಯದ, ಆಸ್ಪತ್ರೆಗೆ ಸಂಬಂಧಪಡದ ಮೌಲ್ಯಮಾಪಕರು ದೂರವಾಣಿ ಅಥವಾ ವಿಡಿಯೊ ಮೂಲಕ ಅಂಕ ಹಾಕುವ ವ್ಯವಸ್ಥೆ ಮಾಡಿಕೊಳ್ಳಬಹುದು.

ತರಬೇತಿಗೆ ಹಣ ಉಳಿಸಲು ಹೋಗುವವರಿಗೆ ಒಂದು ಲೆಕ್ಕ ಹೇಳಬೇಕು. ಮಾಪಕದ ವಿಶ್ವಾಸಾರ್ಹತೆ (ಮತ್ತೆ ಅಳೆದರೂ ಅದೇ ಅಂಕ ಬರುವ ಮಟ್ಟ; 1 ಎಂದರೆ ಪರಿಪೂರ್ಣ) 0.9 ಇದ್ದಲ್ಲಿ 200 ಮಂದಿ ಸಾಕಾಗುವ ಪ್ರಯೋಗಕ್ಕೆ, ಅದು 0.6ಕ್ಕೆ ಇಳಿದರೆ 300 ಮಂದಿ ಬೇಕಾಗುತ್ತದೆ. ತರಬೇತಿಯಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚಿನದು ಆ ನೂರು ಜನರನ್ನು ಹುಡುಕಿ ನೋಡಿಕೊಳ್ಳುವುದಕ್ಕೆ ಹೋಗುತ್ತದೆ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಕಾಯಿಲೆಯಲ್ಲಿರುವ ಇನ್ನೂ ನೂರು ಜನರನ್ನು ನಮ್ಮ ಅಳತೆಯ ಒರಟುತನಕ್ಕಾಗಿ ಪ್ರಯೋಗಕ್ಕೆ ಒಳಪಡಿಸಿದಂತಾಗುತ್ತದೆ.

ಸ್ವತಃ ತುಂಬುವ ಮಾಪಕಗಳು

ಪಿಎಚ್‌ಕ್ಯೂ-9 ಎಲ್ಲರಿಗೂ ಪರಿಚಿತ. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. 5, 10, 15, 20 ಎಂಬ ಮೆಟ್ಟಿಲುಗಳಲ್ಲಿ ತೀವ್ರತೆಯನ್ನು ಗುರುತಿಸುತ್ತಾರೆ. ಉಚಿತ, ಕೆಲವೇ ನಿಮಿಷಗಳ ಕೆಲಸ, ಮೊಬೈಲ್‌ನಲ್ಲೂ ತುಂಬಬಹುದು. ಸಂಶೋಧನೆಗೆ ಹಣ ಕೊಡುವ ವೆಲ್‌ಕಮ್ ಸಂಸ್ಥೆ ಮತ್ತು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರ ಖಿನ್ನತೆಗೆ ಸಾಮಾನ್ಯ ಅಳತೆಯಾಗಿ ಇದನ್ನೇ ಆರಿಸಿಕೊಂಡವು. ದೊಡ್ಡ ಸಂಖ್ಯೆಯ ಜನ, ಕಡಿಮೆ ಹಣ, ದಿನನಿತ್ಯದ ಚಿಕಿತ್ಸಾಲಯ ಇವು ನಿಮ್ಮ ಪರಿಸ್ಥಿತಿಯಾದರೆ ಇದಕ್ಕೆ ಸಾಟಿ ಇಲ್ಲ.

ಆದರೆ ಇದು ಮೂಲತಃ ಖಿನ್ನತೆಯನ್ನು ಪತ್ತೆಹಚ್ಚಲು ರೂಪುಗೊಂಡದ್ದು. ‘ಎಷ್ಟು ದಿನ’ ಎಂದು ಕೇಳುತ್ತದೆಯೇ ಹೊರತು ‘ಎಷ್ಟು ತೀವ್ರ’ ಎಂದು ಕೇಳುವುದಿಲ್ಲ. ಪ್ರತಿದಿನವೂ ಬೇಸರವಿದ್ದು, ಆ ಬೇಸರದ ಆಳ ಅರ್ಧಕ್ಕಿಳಿದರೂ ಅಂಕ 3ರಲ್ಲೇ ಉಳಿಯಬಹುದು. ಎರಡು ವಾರಗಳ ಹಿಂದಿನವರೆಗೆ ನೋಡುವುದರಿಂದ ವಾರಕ್ಕೊಮ್ಮೆ ಅಳೆಯುವ ಪ್ರಯೋಗದಲ್ಲಿ ಒಂದು ಅಳತೆ ಇನ್ನೊಂದರ ಮೇಲೆ ಹಾಯುತ್ತದೆ. ನಿದ್ರೆಯ ಪ್ರಶ್ನೆಯಲ್ಲಿ ನಿದ್ರೆ ಬಾರದಿರುವುದೂ ಅತಿ ನಿದ್ರೆಯೂ ಒಟ್ಟಿಗೇ ಇವೆ. ನಿದ್ರಾಹೀನತೆ ಹೋಗಿ ಔಷಧದ ಮಂಪರು ಬಂದರೆ ಅಂಕ ಕದಲದೇ ಇರಬಹುದು.

ಒಂಬತ್ತನೆಯ ಪ್ರಶ್ನೆಯ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಸತ್ತಿದ್ದರೆ ಚೆನ್ನಿತ್ತು ಎಂಬ ಯೋಚನೆ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದು ಅದು ಕೇಳುತ್ತದೆ. ರಾತ್ರಿ ಹನ್ನೊಂದಕ್ಕೆ ಮೊಬೈಲ್‌ನಲ್ಲಿ ಒಬ್ಬರು ‘ಹೌದು, ಪ್ರತಿದಿನ’ ಎಂದು ಗುರುತು ಹಾಕಿದರೆ ಅದನ್ನು ಯಾರು ನೋಡುತ್ತಾರೆ, ಎಷ್ಟು ಹೊತ್ತಿನೊಳಗೆ ಕರೆ ಮಾಡುತ್ತಾರೆ? ಈ ವ್ಯವಸ್ಥೆ ಇಲ್ಲದೆ ಆ ಪ್ರಶ್ನೆಯನ್ನು ಕಳುಹಿಸುವ ಹಕ್ಕು ಯಾವ ಸಂಶೋಧಕರಿಗೂ ಇಲ್ಲ. ಆತ್ಮಹತ್ಯೆಯ ಯೋಚನೆ ಮತ್ತು ವರ್ತನೆಯನ್ನು ವ್ಯವಸ್ಥಿತವಾಗಿ ದಾಖಲಿಸಲು ಕೊಲಂಬಿಯಾ ಮಾಪಕವೆಂಬ ಪ್ರತ್ಯೇಕ ಸಾಧನವಿದೆ. ಖಿನ್ನತೆಯ ಔಷಧಗಳಿಂದ ಮಕ್ಕಳು ಮತ್ತು ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಎಫ್‌ಡಿಎ 2004ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು, 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಆದ್ದರಿಂದ ಯುವಜನರಿರುವ ಪ್ರಯೋಗದಲ್ಲಿ ಪಿಎಚ್‌ಕ್ಯೂವಿನ ಒಂದು ಪ್ರಶ್ನೆಯನ್ನೇ ನಂಬಿ ಕೂರಬಾರದು.

ಕ್ವಿಡ್ಸ್ ಎಂಬ ಮಾಪಕಕ್ಕೆ ಅರ್ಹವಾದಷ್ಟು ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ. 2003ರಲ್ಲಿ ಬಂದ ಇದರಲ್ಲಿ 16 ಪ್ರಶ್ನೆಗಳಿವೆ, ಆದರೆ ಅಂಕ ಸಿಗುವುದು ಖಿನ್ನತೆಯ ಒಂಬತ್ತು ಲಕ್ಷಣ ಗುಂಪುಗಳಿಗೆ, ಒಟ್ಟು 27. ನಿದ್ರೆಯ ನಾಲ್ಕು ಪ್ರಶ್ನೆಗಳಲ್ಲಿ ಅತಿ ಹೆಚ್ಚು ಅಂಕ ಬಂದ ಒಂದನ್ನೇ ಎಣಿಸುತ್ತಾರೆ. ಹಸಿವು ಮತ್ತು ತೂಕದ ವಿಷಯದಲ್ಲೂ ಹಾಗೆಯೇ. ಅತಿ ನಿದ್ರೆ, ಅತಿ ಹಸಿವಿಗೂ ಪ್ರತ್ಯೇಕ ಪ್ರಶ್ನೆಗಳಿವೆ. ನೋಡುವುದು ಕಳೆದ ಏಳು ದಿನಗಳನ್ನು. ಎಲ್ಲಕ್ಕಿಂತ ಉಪಯುಕ್ತವಾದದ್ದು, ಅದೇ ಪ್ರಶ್ನೆಗಳ ಎರಡು ರೂಪಗಳಿರುವುದು: ವೈದ್ಯರು ತುಂಬುವುದು ಒಂದು, ವ್ಯಕ್ತಿಯೇ ತುಂಬುವುದು ಒಂದು. ಇಬ್ಬರ ಉತ್ತರ ಎಲ್ಲಿ ಬೇರೆಯಾಗುತ್ತದೆಂದು ನೋಡಲು ಇದಕ್ಕಿಂತ ಅನುಕೂಲ ಬೇರಿಲ್ಲ.

ಮಾಪಕ ಬದಲಾದರೆ ಅಂಕಿ ಬದಲಾಗುತ್ತದೆಂಬುದಕ್ಕೆ ಅಮೆರಿಕದ ಸ್ಟಾರ್‌ಡಿ ಅಧ್ಯಯನವೇ ಸಾಕ್ಷಿ. ಮೊದಲ ಹಂತದಲ್ಲಿ ಸಿಟಲೊಪ್ರಾಮ್ ಎಂಬ ಔಷಧ ಪಡೆದ 2,876 ಮಂದಿಯಲ್ಲಿ ಉಪಶಮನ ಕಂಡವರು, ಅಂದರೆ ಲಕ್ಷಣಗಳು ಬಹುತೇಕ ಇಲ್ಲವಾದವರು, ಹ್ಯಾಮ್-ಡಿ ಪ್ರಕಾರ ಶೇ 28, ಸ್ವತಃ ತುಂಬಿದ ಕ್ವಿಡ್ಸ್ ಪ್ರಕಾರ ಶೇ 33. ಮುಂದೆ ನಾಲ್ಕೂ ಹಂತ ಸೇರಿಸಿ ಶೇ 67ರಷ್ಟು ಉಪಶಮನವೆಂದು ಹೇಳಲಾದ ಅಂಕಿಯನ್ನು 2023ರ ಮರುವಿಶ್ಲೇಷಣೆಯೊಂದು ಶೇ 35ಕ್ಕೆ ಇಳಿಸಿತು. ಯಾವ ಮಾಪಕ ಪ್ರಧಾನ, ಯಾರನ್ನು ಲೆಕ್ಕಕ್ಕೆ ಸೇರಿಸಬೇಕು ಎಂಬುದೇ ಅಲ್ಲಿನ ವಿವಾದದ ತಿರುಳು. ಮೂಲ ಸಂಶೋಧಕರು ಆ ಮರುವಿಶ್ಲೇಷಣೆಯನ್ನು ಒಪ್ಪಿಲ್ಲ.

ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರ ಖಿನ್ನತೆಯ ಪಟ್ಟಿಯ ಎರಡನೆಯ ಆವೃತ್ತಿ (1996) 21 ಪ್ರಶ್ನೆಗಳದ್ದು, ಒಟ್ಟು 63. ಆತ್ಮನಿಂದೆ, ಸೋಲಿನ ಭಾವ, ನಿಷ್ಪ್ರಯೋಜಕನೆಂಬ ಭಾವ, ಶಿಕ್ಷೆಗೆ ಗುರಿಯಾಗುತ್ತಿದ್ದೇನೆಂಬ ಭಾವ ಇವೆಲ್ಲ ಇದರಲ್ಲಿ ವಿಸ್ತಾರವಾಗಿವೆ. ಔಷಧವನ್ನು ಆಪ್ತಸಮಾಲೋಚನೆ ಅಥವಾ ಅರಿವಿನ ಚಿಕಿತ್ಸೆಯೊಂದಿಗೆ ಹೋಲಿಸುವವರಿಗೆ ಇದು ಇಷ್ಟವಾಗುತ್ತದೆ, ಆದರೆ ಯೋಚನೆಗಳನ್ನೇ ತಿದ್ದುವ ಚಿಕಿತ್ಸೆಗೆ ಇಂಥ ಪಟ್ಟಿ ಸ್ವಲ್ಪ ಅನುಕೂಲವಾಗಿಯೇ ಇರುತ್ತದೆಂಬುದನ್ನು ಮರೆಯಬಾರದು. ಪ್ರತಿಗಳಿಗೆ ಹಣ ಕೊಡಬೇಕು. ಸಣ್ಣ ಅನುದಾನದವರು ಇದನ್ನು ಬಿಟ್ಟು ಕ್ವಿಡ್ಸ್ ಅಥವಾ ಪಿಎಚ್‌ಕ್ಯೂ ಕಡೆಗೆ ಹೋಗಬಹುದು.

ಸ್ವತಃ ತುಂಬಿದರೆ ಪಕ್ಷಪಾತ ಇರುವುದಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಬಾಯಿ ಒಣಗಿದಾಗ, ಹೊಟ್ಟೆ ತೊಳಸಿದಾಗ ತನಗೆ ಸಿಕ್ಕಿರುವುದು ನಿಜವಾದ ಔಷಧವೆಂದು ವ್ಯಕ್ತಿಗೂ ಅನುಮಾನ ಬರುತ್ತದೆ, ಆ ಅನುಮಾನ ಉತ್ತರಕ್ಕೆ ಬಣ್ಣ ಹಚ್ಚುತ್ತದೆ. ಪ್ರಯೋಗದ ಕೊನೆಗೆ ‘ನಿಮಗೆ ಸಿಕ್ಕಿದ್ದು ಯಾವುದೆಂದು ಅನಿಸುತ್ತದೆ’ ಎಂದು ವ್ಯಕ್ತಿಯನ್ನೂ ಮೌಲ್ಯಮಾಪಕರನ್ನೂ ಕೇಳಿ ದಾಖಲಿಸಿ. ಖರ್ಚಿಲ್ಲದ ಕೆಲಸ, ಆದರೂ ಬಹಳ ಪ್ರಯೋಗಗಳು ಮಾಡುವುದಿಲ್ಲ.

ವಿಶೇಷ ಗುಂಪುಗಳು

ಬಾಣಂತಿಯರಲ್ಲಿ ನಿದ್ರೆಗೆಡುವುದು, ದಣಿವು ಸಹಜವಾಗಿಯೇ ಇರುತ್ತವೆ. 1987ರ ಎಡಿನ್‌ಬರೋ ಮಾಪಕ ದೈಹಿಕ ಲಕ್ಷಣಗಳನ್ನು ಬದಿಗಿಟ್ಟು 10 ಪ್ರಶ್ನೆ ಕೇಳುತ್ತದೆ. ಹಿರಿಯರಿಗೆ ಹೌದು–ಇಲ್ಲ ಉತ್ತರದ ವೃದ್ಧಾಪ್ಯ ಖಿನ್ನತೆ ಮಾಪಕ, ಮರೆಗುಳಿತನವಿದ್ದರೆ ಆರೈಕೆ ಮಾಡುವವರನ್ನೂ ಕೇಳುವ ಕಾರ್ನೆಲ್ ಮಾಪಕ, ಮಕ್ಕಳಿಗೆ ಪರಿಷ್ಕೃತ ಮಕ್ಕಳ ಖಿನ್ನತೆ ಮಾಪಕ. ಈ ಗುಂಪುಗಳಲ್ಲಿ ವಯಸ್ಕರ ಮಾಪಕವನ್ನು ಹಾಗೆಯೇ ಹೇರಬೇಡಿ.

ಲಕ್ಷಣ ಇಳಿಯಿತು, ಬದುಕು ಮರಳಿತೇ?

2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ, ಗುಣವಾಗುವುದೆಂದರೆ ನಿಮಗೆ ಏನು ಎಂದು ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದವರನ್ನೇ ಕೇಳಿದ್ದರು. ಆಶಾಭಾವ ಮತ್ತು ಆತ್ಮವಿಶ್ವಾಸ ಮರಳುವುದು, ಮೊದಲಿನ ತಾನಾಗುವುದು, ಎಂದಿನಂತೆ ಕೆಲಸ ಮಾಡಲು ಸಾಧ್ಯವಾಗುವುದು, ಇವು ಅವರ ಪಟ್ಟಿಯ ಮೇಲ್ತುದಿಯಲ್ಲಿದ್ದವು. ಮೇಲೆ ಹೇಳಿದ ಮಾಪಕಗಳಲ್ಲಿ ಇವುಗಳ ಜಾಗ ತೀರಾ ಸಣ್ಣದು. ಅವು ಬಹುಮಟ್ಟಿಗೆ ಕಷ್ಟ ಇಲ್ಲವಾದದ್ದನ್ನು ಎಣಿಸುತ್ತವೆ, ಸಂತೋಷ ಬಂದದ್ದನ್ನಲ್ಲ. ಜ್ವರ ಇಳಿದವರೆಲ್ಲ ಮರುದಿನವೇ ಹೊಲಕ್ಕೆ ಹೋಗಿ ದುಡಿಯಲಾರರು. ಖಿನ್ನತೆಯಲ್ಲೂ ಲಕ್ಷಣ ಇಳಿದ ಬಳಿಕ ಕೆಲಸದ ಕಸುವು ಮರಳಲು ಸಮಯ ಬೇಕು.

ಅದಕ್ಕಾಗಿ ಕಾರ್ಯಸಾಮರ್ಥ್ಯದ ಒಂದು ಮಾಪಕವನ್ನು ತಪ್ಪದೆ ಸೇರಿಸಿ. ಶೀಹನ್ ಮಾಪಕದಲ್ಲಿ ಮೂರೇ ಪ್ರಶ್ನೆ: ಕೆಲಸ, ಸಾಮಾಜಿಕ ಬದುಕು, ಮನೆ. ಪ್ರತಿಯೊಂದಕ್ಕೂ 0ಯಿಂದ 10. ವಿಶ್ವ ಆರೋಗ್ಯ ಸಂಸ್ಥೆಯ ವೋಡಾಸ್ 2.0ರಲ್ಲಿ 12 ಮತ್ತು 36 ಪ್ರಶ್ನೆಗಳ ರೂಪಗಳಿವೆ. ಇದು ಕಳೆದ 30 ದಿನಗಳನ್ನು ನೋಡುವುದರಿಂದ ಆರು ವಾರಗಳ ಪ್ರಯೋಗಕ್ಕೆ ನಿಧಾನವೆನಿಸುತ್ತದೆ, ಆರು ತಿಂಗಳ ಪ್ರಯೋಗಕ್ಕೆ ಚೆನ್ನಾಗಿ ಹೊಂದುತ್ತದೆ. ವೈದ್ಯರು ಏಳು ಮೆಟ್ಟಿಲುಗಳಲ್ಲಿ ಒಟ್ಟಾರೆ ಅಭಿಪ್ರಾಯ ಕೊಡುವ ಸಿಜಿಐ ಮಾಪಕ ಒರಟಾದದ್ದು, ಆದರೂ ಪ್ರಧಾನ ಮಾಪಕದ ಅಂಕಕ್ಕೆ ಅರ್ಥ ಕೊಡಲು ನೆರವಾಗುತ್ತದೆ.

ಅಡ್ಡ ಪರಿಣಾಮಗಳನ್ನು ‘ಏನಾದರೂ ತೊಂದರೆಯಾಯಿತೇ’ ಎಂಬ ಒಂದು ಸಡಿಲ ಪ್ರಶ್ನೆಗೆ ಬಿಡಬೇಡಿ. ಲೈಂಗಿಕ ತೊಂದರೆಯನ್ನು ಕೇಳದೆ ಹೇಳುವವರು ಕಡಿಮೆ. ಐದೇ ಪ್ರಶ್ನೆಗಳ ಅರಿಜೋನಾ ಮಾಪಕ ಆ ಮುಜುಗರವನ್ನು ದಾಟಿಸುತ್ತದೆ.

ಅಂಕದಿಂದ ಫಲಿತಾಂಶಕ್ಕೆ

ಮಾಪಕ ಆರಿಸಿದ ಮೇಲೆ ಅದರ ಅಂಕಗಳನ್ನು ಹೇಗೆ ಹೇಳುತ್ತೀರಿ ಎಂಬುದೂ ಒಂದು ಆಯ್ಕೆ. ಮೂರು ದಾರಿಗಳು ಬಳಕೆಯಲ್ಲಿವೆ.

ಸರಾಸರಿ ವ್ಯತ್ಯಾಸವು ಎಲ್ಲರ ಮಾಹಿತಿಯನ್ನೂ ಪೂರ್ತಿಯಾಗಿ ಬಳಸುತ್ತದೆ, ಆದರೆ ಓದುವವರಿಗೆ ಅದರ ಅರ್ಥ ಹಿಡಿಯುವುದು ಕಷ್ಟ. 2008ರಲ್ಲಿ ಅರ್ವಿಂಗ್ ಕಿರ್ಶ್ ಮತ್ತು ಸಂಗಡಿಗರು 35 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಔಷಧ ಮತ್ತು ಪ್ಲಸೀಬೊ ನಡುವಿನ ಅಂತರ ಹ್ಯಾಮ್-ಡಿಯಲ್ಲಿ 1.80 ಅಂಕ ಬಂತು. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ, ಲಾಭ ಗಣನೀಯವೆನ್ನಲು 2004ರಲ್ಲಿ ಇಟ್ಟಿದ್ದ 3 ಅಂಕಗಳ ಗೆರೆಯನ್ನು ಅದು ಮುಟ್ಟಲಿಲ್ಲ. ಇದನ್ನು ಓದಿ ‘ಪ್ರತಿಯೊಬ್ಬರಿಗೂ ಸುಮಾರು ಎರಡೇ ಅಂಕದ ಲಾಭ’ ಎಂದುಕೊಳ್ಳುವುದು ತಪ್ಪು. ಕೆಲವರಿಗೆ ಎಂಟು, ಕೆಲವರಿಗೆ ಸೊನ್ನೆ, ಕೆಲವರಿಗೆ ನಷ್ಟ, ಎಲ್ಲ ಸೇರಿಯೂ ಅದೇ ಸರಾಸರಿ ಬರಬಹುದು. ಎಲ್ಲರಿಗೂ ಸಮನಾಗಿ ಅಷ್ಟೇ ಸಿಕ್ಕಿದ್ದರೂ ಅದೇ ಬರುತ್ತದೆ. ಸರಾಸರಿಯೊಂದೇ ಇವುಗಳನ್ನು ಬೇರ್ಪಡಿಸಿ ತೋರಿಸಲಾರದು.

‘ಪ್ರತಿಸ್ಪಂದನೆ’ ಎಂದರೆ ಅಂಕ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಇಳಿಯುವುದು. 21 ಔಷಧಗಳ 522 ಪ್ರಯೋಗಗಳನ್ನು ಹೋಲಿಸಿದ 2018ರ ದೊಡ್ಡ ವಿಶ್ಲೇಷಣೆ ಬಳಸಿದ್ದು ಇದನ್ನೇ. ಹೇಳಲು ಸುಲಭ. ಆದರೆ 24ರಿಂದ 12ಕ್ಕೆ ಇಳಿದವರು ಪ್ರತಿಸ್ಪಂದಿಸಿದವರು, 13ಕ್ಕೆ ಇಳಿದವರು ಪ್ರತಿಸ್ಪಂದಿಸದವರು ಎಂದಾಗುತ್ತದೆ. ಒಂದೇ ಅಂಕ ಮನುಷ್ಯರನ್ನು ಎರಡು ಬದಿಗೆ ಸರಿಸಿಬಿಡುತ್ತದೆ. ‘ಉಪಶಮನ’ ಎಂದರೆ ಅಂಕ ನಿಗದಿತ ಗೆರೆಗಿಂತ ಕೆಳಗಿಳಿಯುವುದು: ಹ್ಯಾಮ್-ಡಿಯಲ್ಲಿ 7 ಅಥವಾ ಕಡಿಮೆ, ಕ್ವಿಡ್ಸ್‌ನಲ್ಲಿ 5 ಅಥವಾ ಕಡಿಮೆ, ಮ್ಯಾಡ್ರಸ್‌ನಲ್ಲಿ ಕೆಲವರು 10, ಕೆಲವರು 12 ಎನ್ನುತ್ತಾರೆ. ರೋಗಿಗೆ ಹೆಚ್ಚು ಅರ್ಥವಾಗುವುದು ಇದೇ. ತೀವ್ರ ಖಿನ್ನತೆಯವರೇ ಹೆಚ್ಚಿರುವ ಕಿರು ಅವಧಿಯ ಪ್ರಯೋಗದಲ್ಲಿ ಮಾತ್ರ ಗೆರೆ ತಲುಪುವವರು ತೀರಾ ಕಡಿಮೆಯಾಗಿ, ಔಷಧ ನಿರುಪಯುಕ್ತವೆಂಬ ಭಾವನೆ ಮೂಡಬಹುದು. ನನ್ನ ಸಲಹೆ: ಅಂಕಿಅಂಶದ ಪರೀಕ್ಷೆಯನ್ನು ಸರಾಸರಿ ವ್ಯತ್ಯಾಸದ ಮೇಲೆ ನಡೆಸಿ, ಓದುಗರಿಗಾಗಿ ಉಪಶಮನದ ಪ್ರಮಾಣವನ್ನೂ ಕೊಡಿ.

ಮರುಕಳಿಕೆ ತಡೆಯುವ ಪ್ರಯೋಗಗಳ ದಾರಿಯೇ ಬೇರೆ. ಅಲ್ಲಿ ಮುಖ್ಯವಾದದ್ದು ಎಷ್ಟು ಕಾಲ ಕಾಯಿಲೆ ಮರಳಲಿಲ್ಲ ಎಂಬುದು. 2021ರ ‘ಆಂಟ್ಲರ್’ ಪ್ರಯೋಗದಲ್ಲಿ 52 ವಾರಗಳೊಳಗೆ ಔಷಧ ಮುಂದುವರಿಸಿದವರಲ್ಲಿ ಶೇ 39, ನಿಲ್ಲಿಸಿದವರಲ್ಲಿ ಶೇ 56 ಮಂದಿಗೆ ಮರುಕಳಿಸಿತು. ಇಂಥ ಪ್ರಯೋಗದಲ್ಲಿ ಔಷಧ ನಿಲ್ಲಿಸಿದಾಗಿನ ತಲೆಸುತ್ತು, ಕಿರಿಕಿರಿ, ನಿದ್ರಾಭಂಗಗಳನ್ನು ಮರುಕಳಿಕೆಯೆಂದು ಎಣಿಸುವ ಅಪಾಯವಿದೆ. ಆ ಲಕ್ಷಣಗಳನ್ನು ಬೇರೆಯಾಗಿಯೇ ಅಳೆಯಬೇಕು.

ಹಾಗಾದರೆ ಯಾರಿಗೆ ಯಾವುದು?

ಹೊಸ ಔಷಧಕ್ಕೆ ಅನುಮತಿ ಪಡೆಯುವ ಉದ್ದೇಶವಿದ್ದರೆ ಮ್ಯಾಡ್ರಸ್ ಪ್ರಧಾನವಾಗಿರಲಿ, ಹೊರಗಿನ ಮೌಲ್ಯಮಾಪಕರಿರಲಿ, ಜೊತೆಗೆ ಶೀಹನ್ ಮತ್ತು ಕೊಲಂಬಿಯಾ ಮಾಪಕಗಳಿರಲಿ. ಹಳೆಯ ಪ್ರಯೋಗಗಳೊಂದಿಗೆ ಹೋಲಿಕೆಯೇ ಗುರಿಯಾದರೆ ಹ್ಯಾಮ್-ಡಿ ಬಳಸಿ, ಆರು ಅಂಶಗಳ ಅಂಕವನ್ನೂ ಕೊಡಿ. ನಿದ್ರೆ ಅಥವಾ ಹಸಿವನ್ನು ಬದಲಿಸುವ ಔಷಧವಾದರೆ ಹ್ಯಾಮ್-ಡಿ ಮೊತ್ತವನ್ನು ಪ್ರಧಾನ ಫಲಿತಾಂಶವಾಗಿ ಇಡಲೇಬೇಡಿ. ಕೈಯಲ್ಲಿ ಹಣವಿಲ್ಲದ ಸ್ನಾತಕೋತ್ತರ ಪ್ರಬಂಧಕ್ಕೆ ಸ್ವತಃ ತುಂಬುವ ಕ್ವಿಡ್ಸ್ ಸಾಕು. ನಿಮ್ಮ ಭಾಷೆಯಲ್ಲಿ ಅದರ ಪರೀಕ್ಷಿತ ಅನುವಾದ ಸಿಗದೆ ಪಿಎಚ್‌ಕ್ಯೂ-9 ಮಾತ್ರ ಸಿಕ್ಕರೆ ಅದನ್ನೇ ಬಳಸಿ, ಭೇಟಿಗಳ ನಡುವೆ ಕನಿಷ್ಠ ಎರಡು ವಾರ ಅಂತರವಿಡಿ. ಕುಟುಂಬ ವೈದ್ಯರ ಚಿಕಿತ್ಸಾಲಯಗಳಲ್ಲಿ ಸಾವಿರಾರು ಜನರ ಪ್ರಯೋಗಕ್ಕೆ ಪಿಎಚ್‌ಕ್ಯೂ-9 ಜೊತೆಗೆ ಆತಂಕದ ಜಿಎಡಿ-7 ಮತ್ತು ವೋಡಾಸ್. ‘ಪಾಂಡಾ’ ಪ್ರಯೋಗ ಆತಂಕವನ್ನು ಅಳೆಯದೇ ಇದ್ದಿದ್ದರೆ ಸರ್ಟ್ರಲೀನ್ ಆತಂಕವನ್ನು ತಗ್ಗಿಸಿತೆಂಬುದು ಹೊರಬೀಳುತ್ತಲೇ ಇರಲಿಲ್ಲ.

ಯಾವುದನ್ನು ಆರಿಸಿದರೂ ಮೊದಲ ವ್ಯಕ್ತಿ ಸೇರುವ ಮುನ್ನ ಸಾರ್ವಜನಿಕ ನೋಂದಣಿಯಲ್ಲಿ ಬರೆದಿಡಿ. ಬರೆಯುವಾಗ ‘ಹ್ಯಾಮ್-ಡಿ’ ಎಂದಷ್ಟೇ ಹೇಳಿದರೆ ಸಾಲದು: 17 ಅಂಶಗಳದ್ದೋ 21ರದ್ದೋ, ಎಷ್ಟನೆಯ ವಾರದ ಅಂಕ, ಸರಾಸರಿಯೋ ಉಪಶಮನವೋ, ಗೆರೆ ಎಲ್ಲಿ, ನಡುವೆ ಬಿಟ್ಟುಹೋದವರ ಅಂಕವನ್ನು ಹೇಗೆ ಪರಿಗಣಿಸುತ್ತೀರಿ, ಎಲ್ಲವೂ ಇರಬೇಕು. ಹದಿಹರೆಯದವರಿಗೆ ಪರಾಕ್ಸೆಟೀನ್ ಎಂಬ ಖಿನ್ನತೆಯ ಔಷಧ ಕೊಟ್ಟ ‘329’ ಸಂಖ್ಯೆಯ ಅಧ್ಯಯನ 2001ರಲ್ಲಿ ಪ್ರಕಟವಾದಾಗ, ಮೊದಲು ನಿಗದಿಪಡಿಸಿದ್ದ ಪ್ರಧಾನ ಅಳತೆಗಳಲ್ಲಿ ಔಷಧ ಗೆದ್ದಿರಲಿಲ್ಲ. ಆಮೇಲೆ ಮುಂದೆ ತಂದ ಬೇರೆ ಅಳತೆಗಳ ಬಲದಿಂದ ಅದು ಪರಿಣಾಮಕಾರಿಯೆಂದು ಬರೆಯಲಾಗಿತ್ತು. 2015ರಲ್ಲಿ ಮೂಲ ದತ್ತಾಂಶವನ್ನು ಮತ್ತೆ ವಿಶ್ಲೇಷಿಸಿದವರು ಲಾಭವೂ ಇಲ್ಲ, ಹಾನಿ ಹೆಚ್ಚಿದೆ ಎಂದು ಕಂಡುಕೊಂಡರು. ಪ್ರಬಂಧ ಓದುವವರೂ ಇಷ್ಟು ಮಾಡಬಹುದು: ಪ್ರಬಂಧದಲ್ಲಿರುವ ನೋಂದಣಿ ಸಂಖ್ಯೆಯನ್ನು ಹುಡುಕಿ, ಅಲ್ಲಿ ಪ್ರಧಾನವೆಂದು ಬರೆದಿದ್ದ ಮಾಪಕವೂ ವಾರವೂ ಪ್ರಬಂಧದ ಮೊದಲ ಕೋಷ್ಟಕಗಳಲ್ಲಿ ಹಾಗೆಯೇ ಇವೆಯೇ ಎಂದು ಹೋಲಿಸಿ ನೋಡಿ. ಬೇರೆಯಾಗಿದ್ದರೆ, ಏಕೆ ಬದಲಾಯಿತೆಂಬ ವಿವರಣೆ ಸಿಗುವವರೆಗೆ ಆ ಔಷಧದ ಬಗ್ಗೆ ತೀರ್ಮಾನಕ್ಕೆ ಬರಬೇಡಿ.